ವರ್ಷಗಟ್ಟಲೆ ನಿಂತ ಮಾರುತಿ 800: ನಮ್ಮ ಬಿಸಿಲೂರಿನಲ್ಲಿ ಮತ್ತೆ ರಸ್ತೆಗಿಳಿಸಬಹುದೇ?

ಬಳ್ಳಾರಿ, ಕೊಪ್ಪಳ, ರಾಯಚೂರಿನ ಹಳೆಯ ಬಡಾವಣೆಗಳಲ್ಲಿ ಹೊದಿಕೆ ಹೊದ್ದು ನಿಂತ ಕಾರು ಅಂದರೆ ಬಹಳ ಸಲ ಅದು ಮಾರುತಿ 800. ಅಪ್ಪ ಆಸೆಪಟ್ಟು ಕೊಂಡದ್ದು, ಮಕ್ಕಳು ಬೆಂಗಳೂರು ಸೇರಿದ ಮೇಲೆ ಯಾರೂ ಮುಟ್ಟಿಲ್ಲ. ಗುಜರಿಗೆ ಹಾಕಲು ಮನಸ್ಸಿಲ್ಲ, ಓಡಿಸಲು ಧೈರ್ಯವಿಲ್ಲ. ಇಂಥ ಕಾರು ಈಗ ಇಟ್ಟುಕೊಳ್ಳಲು ಯೋಗ್ಯವೇ, ಎಬ್ಬಿಸುವುದಾದರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ, ಎಲ್ಲಿ ದುಡ್ಡು ಹಾಕಬೇಕು ಎಂಬುದನ್ನು ಇಲ್ಲಿ ನೋಡೋಣ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ನಮ್ಮ ಒಣ ಹವೆಯಲ್ಲಿ 800ರ ತಗಡು ಕರಾವಳಿಯ ಕಾರಿನಷ್ಟು ಕೊಳೆಯುವುದಿಲ್ಲ. ಎಂಜಿನ್ನೂ ಸಾಮಾನ್ಯವಾಗಿ ಬದುಕಿರುತ್ತದೆ. ಸಾಯುವುದು ರಬ್ಬರು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ನಿಂತಲ್ಲೇ ನಿಂತ ಗಾಡಿಯ ಪೆಟ್ರೋಲ್ ಪೈಪು, ಬ್ರೇಕ್ ಸೀಲು, ಟೈಮಿಂಗ್ ಬೆಲ್ಟು, ರೇಡಿಯೇಟರ್ ಹೋಸು, ಗಾಜಿನ ಬೀಡಿಂಗು, ಟೈರು ಎಲ್ಲವೂ ಒಣಗಿ ಬಿರಿಯುತ್ತವೆ. ಮೊದಲ ದುಡ್ಡನ್ನು ಇವಕ್ಕೆ ಹಾಕುವವರಿಗೆ ಇದು ಊರೊಳಗೆ ಓಡಾಡಲು ಈಗಲೂ ಒಳ್ಳೆಯ ಗಾಡಿ. ಪೇಂಟು, ಸೀಟ್ ಕವರಿನಿಂದ ಶುರು ಮಾಡಿದವರ ಕಾರು ಮಿರಿಮಿರಿ ಮಿಂಚುತ್ತಾ ರಸ್ತೆ ಮಧ್ಯೆ ನಿಲ್ಲುತ್ತದೆ.

ನಿಮ್ಮದು ಯಾವ 800?

ಮೊದಲ ಮಾರುತಿ 800 ಮಾಲೀಕರ ಕೈ ಸೇರಿದ್ದು 1983ರ ಡಿಸೆಂಬರ್‌ನಲ್ಲಿ. 1986ರಲ್ಲಿ ಬಾಡಿ ಬದಲಾಯಿತು. ಇವತ್ತು ನಮ್ಮ ಕಣ್ಣಿಗೆ ಬೀಳುವುದೆಲ್ಲ ಹೆಚ್ಚುಕಮ್ಮಿ ಆ ಆಕಾರದ್ದೇ. 2000ದಲ್ಲಿ ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬೊರೇಟರ್ ಹೋಗಿ, ಕಂಪ್ಯೂಟರ್ ಅಳತೆಯಲ್ಲಿ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಬಂತು. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಎಲ್ಲದರಲ್ಲೂ ಇರುವುದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಕಾರಿನ ತೂಕ ಸುಮಾರು 650 ಕೆಜಿ. ಡ್ಯಾಶ್‌ಬೋರ್ಡಿನಲ್ಲಿ ಎಳೆಯುವ ಚೋಕ್ ಗುಂಡಿ ಇದ್ದರೆ ಅದು ಕಾರ್ಬೊರೇಟರ್ ಗಾಡಿ.

ನಿಂತ ಗಾಡಿ ಎಬ್ಬಿಸುವ ಲೆಕ್ಕದಲ್ಲಿ ಕಾರ್ಬೊರೇಟರ್ ಮಾದರಿಯೇ ಸಲೀಸು. ಅದರ ಪೆಟ್ರೋಲ್ ಪಂಪು ಎಂಜಿನ್ ಮೇಲೇ ಕೂತಿರುತ್ತದೆ, ಬಿಚ್ಚಿ ನೋಡಬಹುದು. ಎಂಪಿಎಫ್‌ಐನಲ್ಲಿ ಪಂಪು ಟ್ಯಾಂಕಿನೊಳಗಿದೆ. ಹಳೆಯ ಪೆಟ್ರೋಲ್ ಅಂಟಾಗಿ ಪಂಪು ಹಿಡಿದುಕೊಂಡರೆ ಟ್ಯಾಂಕ್ ಇಳಿಸದೆ ಗತಿಯಿಲ್ಲ. ವೈರಿಂಗ್ ಇಲಿ ಕಡಿದಿದ್ದರೆ ಕಾರ್ಬೊರೇಟರ್ ಗಾಡಿಯನ್ನು ಊರಿನ ಆಟೊ ಎಲೆಕ್ಟ್ರಿಷಿಯನ್ ಒಂದು ದಿನದಲ್ಲಿ ಜೋಡಿಸುತ್ತಾರೆ, ಎಂಪಿಎಫ್‌ಐನಲ್ಲಿ ಸೆನ್ಸರ್ ವೈರುಗಳನ್ನು ಒಂದೊಂದಾಗಿ ಮೀಟರ್ ಹಿಡಿದು ಹುಡುಕಬೇಕು. ಆದರೆ ಒಮ್ಮೆ ಸರಿಯಾದ ಮೇಲೆ ಎಂಪಿಎಫ್‌ಐ ತಲೆನೋವು ಕೊಡುವುದಿಲ್ಲ, ಹೊಗೆ ತಪಾಸಣೆಯಲ್ಲೂ ಸುಲಭವಾಗಿ ಪಾಸಾಗುತ್ತದೆ.

ಬಿಡಿಭಾಗಗಳ ವಿಚಾರದಲ್ಲಿ ಭಯ ಬೇಡ. ಇದೇ ಎಂಜಿನ್ ಓಮ್ನಿಯಲ್ಲೂ ಇತ್ತು, ಓಮ್ನಿ 2019ರ ತನಕ ತಯಾರಾಯಿತು. ಹಾಗಾಗಿ ಗ್ಯಾಸ್ಕೆಟ್, ಪ್ಲಗ್, ಫಿಲ್ಟರ್, ಕಾರ್ಬೊರೇಟರ್ ಕಿಟ್ ಜಿಲ್ಲಾ ಕೇಂದ್ರಗಳ ಸ್ಪೇರ್ಸ್ ಅಂಗಡಿಗಳಲ್ಲಿ ಸಿಗುತ್ತವೆ. ಮೆಕ್ಯಾನಿಕ್ ಹುಡುಕುವಾಗಲೂ ಇದೇ ಸೂತ್ರ: ಓಮ್ನಿ ರಿಪೇರಿಯಲ್ಲಿ ಕೈ ಪಳಗಿದ ಗ್ಯಾರೇಜಿಗೆ ಹೋಗಿ. ಪ್ರೀಮಿಯರ್ ಪದ್ಮಿನಿ ಅಥವಾ ಅಂಬಾಸಿಡರ್ ಇದ್ದವರಿಗೆ ಈ ಅನುಕೂಲ ಕಡಿಮೆ. ಪದ್ಮಿನಿಯ ಎಷ್ಟೋ ಭಾಗಗಳಿಗೆ ದೊಡ್ಡ ಊರುಗಳ ಗುಜರಿಯನ್ನೋ ಲೇತ್ ಅಂಗಡಿಯನ್ನೋ ನಂಬಬೇಕು.

ಪಾನಾ ಹಿಡಿಯುವ ಮುಂಚೆ ಆರ್‌ಸಿ ನೋಡಿ

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಅದು ಮುಗಿದರೆ ಗಾಡಿ ಗುಜರಿಗೇ ಎಂದು ಎಷ್ಟೋ ಜನ ನಂಬಿದ್ದಾರೆ. 15 ವರ್ಷ ದಾಟಿದ ಪೆಟ್ರೋಲ್ ಕಾರು ಓಡಬಾರದೆಂಬ ನಿರ್ಬಂಧ ಬಂದದ್ದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ. ನಮ್ಮಲ್ಲಿ ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಫಾರಂ 25ರ ಅರ್ಜಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ, ಹಸಿರು ತೆರಿಗೆಯ ರಸೀದಿ ಬೇಕು. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಯಾದ್ದರಿಂದ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟೂ ಆಗಿರಬೇಕು.

ಕಾರುಗಳ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂ. ಆಯಿತು. 2025ರ ಆಗಸ್ಟ್ ತಿದ್ದುಪಡಿಯ ನಂತರ 20 ವರ್ಷ ದಾಟಿದ ಕಾರಿಗೆ 10,000 ರೂ. ಇದಕ್ಕಿಂತ ದೊಡ್ಡ ಹೊಡೆತ ತಡವಾದದ್ದಕ್ಕೆ ಕಟ್ಟುವ ಹೆಚ್ಚುವರಿ ಶುಲ್ಕ. ಅದು ತಿಂಗಳಿಗೆ 500 ರೂ. ನಾಲ್ಕು ವರ್ಷ ನವೀಕರಿಸದೆ ಬಿಟ್ಟ ಕಾರಿಗೆ ಇದೊಂದೇ 24,000 ರೂ. ಆಗುತ್ತದೆ. ಮುಟ್ಟದೆ ನಿಂತ 800ಕ್ಕೆ ಹಳೇ ಗಾಡಿ ಬಜಾರಿನಲ್ಲಿ ಅಷ್ಟು ಬೆಲೆ ಬರುವುದೇ ಅನುಮಾನ. ಆದ್ದರಿಂದ ಆರ್‌ಸಿಯ ಕೊನೆಯ ದಿನಾಂಕ ನೋಡಿ, ಈ ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಂಡು, ಆಮೇಲೆ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಬೇರೆಯವರಿಂದ ಕೊಳ್ಳುವವರಂತೂ ಈ ಮೊತ್ತವನ್ನು ಬೆಲೆಯಲ್ಲಿ ಕಡಿದೇ ಮಾತಾಡಬೇಕು.

ಎರಡನೆಯ ಗಂಟು ಸಾಲ. ಕಂತು ತೀರಿಸಿ ಹತ್ತು ವರ್ಷವಾದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುವುದು ಮಾಮೂಲು. ಅದನ್ನು ತೆಗೆಸಲು ಫಾರಂ 35 ಮತ್ತು ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಬೇಕು. ಆ ಬ್ಯಾಂಕೇ ಈಗ ಇಲ್ಲದಿರಬಹುದು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಸೇರಿತು, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿತು, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಸೇರಿತು. ಪತ್ರವನ್ನು ಈಗಿನ ಬ್ಯಾಂಕಿನಿಂದ ಪಡೆಯಬೇಕು, ಹಳೆಯ ಸಾಲದ ಖಾತೆ ಸಂಖ್ಯೆ ಕೈಯಲ್ಲಿದ್ದರೆ ಕೆಲಸ ಬೇಗ ಆಗುತ್ತದೆ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31.

ನೋಂದಣಿ ಮುಗಿದ ಗಾಡಿಯನ್ನು ಟ್ರಯಲ್ ನೋಡಲೆಂದು ರಸ್ತೆಗೆ ಇಳಿಸಬೇಡಿ. ಆರ್‌ಟಿಒ ಕಚೇರಿಗೂ ಟೋಯಿಂಗ್ ಮಾಡಿಸಿಕೊಂಡೇ ಹೋಗುವುದು ಲೇಸು. ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೇ ಆರ್‌ಸಿ. 1000 ಸಿಸಿಯೊಳಗಿನ ಕಾರಿಗೆ ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ 2,094 ರೂ. ಮತ್ತು ತೆರಿಗೆ. ಇದರಲ್ಲಿ ಉಳಿತಾಯ ನೋಡುವ ಮಾತೇ ಇಲ್ಲ.

ತಗಡು ಬಡಿದು ನೋಡುವುದು

ಒಣ ಹವೆ ಅಂದೆವಲ್ಲ, ಆದರೂ ತುಕ್ಕು ಬರುವ ಜಾಗಗಳಿವೆ. ಮುಂದಿನ ಗಾಜಿನ ಬೀಡಿಂಗ್ ಬಿಸಿಲಿಗೆ ಬಿರಿದಿರುತ್ತದೆ. ಮಳೆಗಾಲದ ನೀರು ಅಲ್ಲಿಂದ ಒಳಗಿಳಿದು ಕಾರ್ಪೆಟ್ ಅಡಿಯ ಫೆಲ್ಟ್‌ನಲ್ಲಿ ನಿಲ್ಲುತ್ತದೆ. ಮೇಲೆ ಎಲ್ಲ ಒಣಗಿ ಕಂಡರೂ ಅಡಿಯಲ್ಲಿ ತುಕ್ಕು ತಗಡನ್ನು ತಿಂದಿರುತ್ತದೆ. ಆದ್ದರಿಂದ ಕಾರ್ಪೆಟ್ ಪೂರ್ತಿ ಎತ್ತಿ, ಡ್ರೈವರ್ ಕಾಲಿಡುವ ಜಾಗವನ್ನು ಸ್ಕ್ರೂ ಡ್ರೈವರ್ ಹಿಡಿಯಿಂದ ಕುಟ್ಟಿ. ಟಣ್ ಎಂದರೆ ಸರಿ, ಬೊದ್ದು ಸದ್ದು ಬಂದರೆ ಚುಚ್ಚಿ ನೋಡಬೇಕು. ಸ್ಟೆಪ್ನಿ ಕೂರುವ ಗುಂಡಿ, ಬ್ಯಾಟರಿ ಟ್ರೇ ಅಡಿ, ಜಾಕ್ ಕೊಡುವ ಜಾಗ, ಮುಂದಿನ ಶಾಕ್ ಅಬ್ಸಾರ್ಬರ್ ಮೇಲ್ತುದಿ ಕೂರುವ ಬಟ್ಟಲು, ಇವೂ ಅಷ್ಟೇ ಮುಖ್ಯ. ಬಾಗಿಲ ತಳದ ತೂತಿಗೆ ಪ್ಯಾಚ್ ಹಾಕಿಸಿ ಸುಧಾರಿಸಬಹುದು. ಶಾಕ್ ಅಬ್ಸಾರ್ಬರ್ ಬಟ್ಟಲೇ ಬಿರಿದಿದ್ದರೆ ಆ ಕಾರನ್ನು ಬಿಟ್ಟುಬಿಡಿ ಎಂಬುದು ನಮ್ಮ ಸಲಹೆ.

ಸಂಡೂರು, ತೋರಣಗಲ್ಲು, ಹೊಸಪೇಟೆ ಕಡೆ ಓಡಿದ ಗಾಡಿಗಳಲ್ಲಿ ಇನ್ನೊಂದು ವಿಷಯ. ಅದಿರಿನ ಕೆಂಪು ದೂಳು ಬಾಗಿಲ ತಳದ ನೀರಿಳಿಯುವ ತೂತುಗಳಲ್ಲೂ ವೈಪರ್ ಅಡಿಯ ಗಟಾರದಲ್ಲೂ ಮೆತ್ತಿಕೊಂಡು ಗಟ್ಟಿಯಾಗಿರುತ್ತದೆ. ನೀರು ಅಲ್ಲೇ ನಿಲ್ಲುತ್ತದೆ. ಸಣ್ಣ ತಂತಿಯಿಂದ ಕೆದಕಿ, ಮೇಲಿಂದ ನೀರು ಹೊಯ್ದು, ಕೆಳಗೆ ಇಳಿಯುವುದನ್ನು ಕಣ್ಣಾರೆ ನೋಡಿ. ಚಾಸಿ ನಂಬರ್ ಎಂಜಿನ್ ಕೋಣೆಯ ಹಿಂಗೋಡೆಯಲ್ಲಿದೆ. ಅದು ಓದಲು ಬರುವಂತಿರಬೇಕು, ತಪಾಸಣೆಯಲ್ಲಿ ಇನ್‌ಸ್ಪೆಕ್ಟರ್ ಮೊದಲು ಹೋಲಿಸುವುದು ಅದನ್ನೇ. ಉಜ್ಜುವಾಗ ಗ್ರೈಂಡರ್ ಹಿಡಿಯಬೇಡಿ, ಬಟ್ಟೆ ಮತ್ತು ಸೀಮೆಎಣ್ಣೆ ಸಾಕು.

ಸೆಲ್ಫ್ ಹೊಡೆಯುವ ಆತುರ ಬೇಡ

ಹೊಸ ಬ್ಯಾಟರಿ ತಂದು ನೇರ ಸೆಲ್ಫ್ ಹೊಡೆಯುವುದು ಎಲ್ಲರೂ ಮಾಡುವ ಕೆಲಸ, ಹೆಚ್ಚು ನಷ್ಟ ಮಾಡುವ ಕೆಲಸವೂ ಅದೇ. ಸಿಲಿಂಡರ್ ಗೋಡೆಯ ಆಯಿಲ್ ಎಂದೋ ಇಳಿದುಹೋಗಿದೆ. ಒಣಗಿದ ಪಿಸ್ಟನ್ ರಿಂಗು ಒಣಗಿದ ಗೋಡೆಯ ಮೇಲೆ ಉಜ್ಜುತ್ತದೆ. ಟ್ಯಾಂಕಿನ ಕೊಳೆತ ಪೆಟ್ರೋಲ್ ಕಾರ್ಬೊರೇಟರಿಗೆ ಏರುತ್ತದೆ. ಬಿರಿದ ಪೈಪಿನಿಂದ ತೊಟ್ಟಿಕ್ಕಿದರೆ ಬೆಂಕಿಯ ಭಯ.

ಬಾನೆಟ್ ಎತ್ತಿದೊಡನೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿ. ಭತ್ತದ ಸೀಮೆಯಲ್ಲಿ, ಅಂದರೆ ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ನಿಂತ ಕಾರಾದರೆ ಡಬ್ಬಿಯೊಳಗೆ ಇಲಿ ಗೂಡು ಸಿಗುವ ಸಂಭವ ಹೆಚ್ಚು: ಫಿಲ್ಟರ್ ಕಾಗದವನ್ನೇ ಚೂರು ಮಾಡಿ ಹಾಸಿದ ಹಾಸಿಗೆ, ಸೀಟಿನ ಸ್ಪಂಜು, ಭತ್ತದ ಹೊಟ್ಟು, ಕೆಳಗೆ ಉಚ್ಚೆಯಿಂದ ಬೆಳ್ಳಗೆ ಪುಡಿಗಟ್ಟಿದ ಅಲ್ಯೂಮಿನಿಯಂ. ಇದನ್ನು ತೆಗೆಯದೆ ಸ್ಟಾರ್ಟ್ ಮಾಡಿದರೆ ಹೊಟ್ಟೆಲ್ಲ ಕಾರ್ಬೊರೇಟರ್ ಬಾಯಿಗೆ ಹೋಗುತ್ತದೆ. ಅಲ್ಲಿ ಗೂಡಿದ್ದರೆ ವೈರಿಂಗನ್ನೂ ಉದ್ದಕ್ಕೆ ಬೆರಳಾಡಿಸಿ ಪರೀಕ್ಷಿಸಿ. ಡ್ಯಾಶ್‌ಬೋರ್ಡ್ ಹಿಂದೆ, ಬ್ಲೋವರ್ ಡಬ್ಬಿಯಲ್ಲಿ, ಹಿಂದಿನ ಸೀಟಿನ ಅಡಿ ಟಾರ್ಚ್ ಬಿಟ್ಟು ನೋಡಿ. ಸೈಲೆನ್ಸರ್ ಬಾಯಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ಅದು ಮುಚ್ಚಿದ್ದರೆ ಎಂಜಿನ್ ಎಷ್ಟು ಹೊಡೆದರೂ ಹಿಡಿಯುವುದಿಲ್ಲ, ಜನ ಕಾರ್ಬೊರೇಟರ್ ಬಿಚ್ಚುತ್ತಾ ಕೂರುತ್ತಾರೆ.

ಆಮೇಲೆ ಮೂರೂ ಪ್ಲಗ್ ಬಿಚ್ಚಿ, ಪ್ರತಿ ತೂತಿಗೆ ಒಂದು ಟೀ ಚಮಚ, ಅಂದರೆ 5 ಮಿ.ಲೀ. ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಬಿಡಿ. ಜಾಸ್ತಿ ಬೇಡ. ಮರುದಿನ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ಓಡುವ ದಿಕ್ಕಿಗೇ ಕೈಯಿಂದ ಎರಡು ಸುತ್ತು ತಿರುಗಿಸಿ. ನಾಲ್ಕನೇ ಗೇರಿಗೆ ಹಾಕಿ ಕಾರನ್ನು ತಳ್ಳಿಯೂ ತಿರುಗಿಸಬಹುದು, ಆದರೆ ಹಿಂದಿನ ಬ್ರೇಕ್ ಹಿಡಿದಿದ್ದರೆ ಕಾರು ಅಲ್ಲಾಡದು, ಎಂಜಿನ್ನೇ ಜಾಮ್ ಎಂದು ತಪ್ಪು ತಿಳಿಯುವಿರಿ. ನಿಜಕ್ಕೂ ಹಿಡಿದಿದ್ದರೆ ಡೀಸೆಲ್ ಮತ್ತು ಪವರ್ ಸ್ಟೀರಿಂಗ್ ಆಯಿಲ್ ಸಮ ಬೆರೆಸಿ ಸಿಲಿಂಡರಿಗೆ ಬಿಟ್ಟು ಎರಡು ಮೂರು ದಿನ ಕಾಯಿರಿ, ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಹಗ್ಗ ಕಟ್ಟಿ ಎಳೆದು ಬಿಡಿಸುವ ಸಾಹಸಕ್ಕೆ ಹೋದರೆ ರಿಂಗ್ ಮುರಿಯುತ್ತದೆ.

ಹಳೆಯ ಆಯಿಲ್ ಇಳಿಸುವಾಗ ಬಣ್ಣ ನೋಡಿ. ಹಾಲು ಬೆರೆತ ಚಹಾದ ಬಣ್ಣವಿದ್ದರೆ ನೀರು ಸೇರಿದೆ, ಎಂಜಿನ್ ಹೆಡ್ಡಿನ ಅಡಿಯ ಸೀಲಾದ ಹೆಡ್ ಗ್ಯಾಸ್ಕೆಟ್ ಅನುಮಾನಿಸಬೇಕು. ಪೆಟ್ರೋಲ್ ವಾಸನೆ ಬಂದು ಆಯಿಲ್ ಅಳೆಯುವ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿದ್ದರೆ ಪಂಪಿನ ಡಯಾಫ್ರಂ ಎಂಬ ಪೊರೆ ಹರಿದು ಪೆಟ್ರೋಲ್ ಎಂಜಿನ್ನಿಗೆ ಇಳಿದಿದೆ. ಎರಡೂ ಇಲ್ಲದಿದ್ದರೆ ಫಿಲ್ಟರ್ ಬದಲಿಸಿ, 20ಡಬ್ಲ್ಯೂ40 ಮಿನರಲ್ ಆಯಿಲ್ ಸುಮಾರು 3 ಲೀಟರ್ ತಂದಿಟ್ಟುಕೊಂಡು ಡಿಪ್‌ಸ್ಟಿಕ್ ನೋಡುತ್ತಾ ತುಂಬಿ. ದುಬಾರಿ ಸಿಂಥೆಟಿಕ್ ಆಯಿಲ್ ಈಗಲೇ ಬೇಡ, ಇದನ್ನು ಹೇಗೂ 300 ಕಿ.ಮೀ.ಗೆ ಮತ್ತೆ ಇಳಿಸಲಿದ್ದೀರಿ. ನಿಂತ ಎಂಜಿನ್ನಿನ ತಳದ ಕಸ ಮೊದಲ ಓಟದಲ್ಲೇ ಕದಡಿ ಮೇಲೇಳುತ್ತದೆ.

ಎಂಜಿನ್ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಟೈಮಿಂಗ್ ಬೆಲ್ಟ್ ಎಷ್ಟು ಕಿ.ಮೀ. ಓಡಿದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಎಷ್ಟು ವರ್ಷವಾಗಿದೆ ಎಂಬುದೇ ಲೆಕ್ಕ. ಯಾವಾಗ ಹಾಕಿದ್ದೆಂದು ಬಿಲ್ ಇಲ್ಲದಿದ್ದರೆ ಸ್ಟಾರ್ಟ್ ಮಾಡುವ ಮುಂಚೆಯೇ ಬೆಲ್ಟು, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಎರಡನ್ನೂ ಬದಲಿಸಿ. ಅದೇ ಕೈಯಲ್ಲಿ ಕ್ರ್ಯಾಂಕ್, ಕ್ಯಾಮ್ ಆಯಿಲ್ ಸೀಲುಗಳನ್ನೂ ಹಾಕಿಸಿದರೆ ಎರಡನೇ ಕೂಲಿ ಉಳಿಯುತ್ತದೆ.

ಪೆಟ್ರೋಲ್ ದಾರಿ

ಹೆಚ್ಚು ಸಮಯ ತಿನ್ನುವುದು ಇದೇ, ಹೆಚ್ಚು ಎಚ್ಚರ ಬೇಕಾದ್ದೂ ಇಲ್ಲೇ. ನಿಂತ ಪೆಟ್ರೋಲ್‌ನ ಹಗುರ ಅಂಶ ಆರಿಹೋಗಿ, ಉಳಿದದ್ದು ಗಾಳಿಯೊಡನೆ ಸೇರಿ ಅಂಟಾಗುತ್ತದೆ. ಮುಚ್ಚಳ ತೆಗೆದಾಗ ಪೆಟ್ರೋಲ್ ವಾಸನೆಯ ಬದಲು ವಾರ್ನಿಶ್ ವಾಸನೆ ಬಂದರೆ ಒಂದು ಹನಿಯನ್ನೂ ಬಳಸಬೇಡಿ. ಹೊಸ ಪೆಟ್ರೋಲ್ ಬೆರೆಸಿ ಸರಿಮಾಡುವ ಉಪಾಯವೂ ಬೇಡ. 800ರ ಟ್ಯಾಂಕು 28 ಲೀಟರಿನದು. ಇಳಿಸುವಾಗ ಬಾಯಿಂದ ಎಳೆಯಬೇಡಿ, ಕೈಪಂಪು ಸಿಗುತ್ತದೆ. ಇಳಿಸಿದ್ದನ್ನು ಚರಂಡಿಗೆ ಬಿಡಬೇಡಿ.

ಟ್ಯಾಂಕಿನಲ್ಲಿ ಪೆಟ್ರೋಲ್ ಮಟ್ಟ ಅಳೆಯುವ ಗೇಜ್ ಯೂನಿಟ್ ಬಿಚ್ಚಿ ಟಾರ್ಚ್ ಹಾಕಿದರೆ ತಳ ಕಾಣುತ್ತದೆ. ಟಾರ್ಚು ಬ್ಯಾಟರಿಯದ್ದೇ ಆಗಿರಲಿ, ಕರೆಂಟ್ ಬಲ್ಬು ಹತ್ತಿರ ಬೇಡ. ತಳದಲ್ಲಿ ಕೆಂಪು ಪುಡಿ ಕಂಡರೆ ಟ್ಯಾಂಕ್ ಇಳಿಸಿ ರೇಡಿಯೇಟರ್ ಅಂಗಡಿಯಲ್ಲಿ ತೊಳೆಸುವುದೇ ದಾರಿ. ಬಿಟ್ಟರೆ ಫಿಲ್ಟರ್ ಪದೇಪದೇ ಕಟ್ಟಿಕೊಳ್ಳುತ್ತದೆ. ತೂತಿದ್ದು ಬೆಸುಗೆ ಹಾಕಿಸುವುದಾದರೆ ಖಾಲಿ ಟ್ಯಾಂಕೂ ಅಪಾಯ ಎಂಬುದು ನೆನಪಿರಲಿ. ಒಳಗಿನ ಆವಿ ಪೂರ್ತಿ ಹೋಗುವಂತೆ ತೊಳೆಯದೆ ಬೆಸುಗೆ ಮುಟ್ಟಿಸಿದರೆ ಸಿಡಿಯುತ್ತದೆ.

ರಬ್ಬರ್ ಪೈಪು ಹೊರಗಿನಿಂದ ನೋಡಿದರೆ ಮೋಸ ಹೋಗುತ್ತೀರಿ. ಕ್ಲಿಪ್ ಹತ್ತಿರ ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿ. ಕಪ್ಪು ಮೈಯಲ್ಲಿ ಕೂದಲೆಳೆಯಂಥ ಬಿರುಕು ಸಾಲಾಗಿ ಬಾಯಿ ಬಿಡುತ್ತದೆ, ತುದಿ ಕತ್ತರಿಸಿ ನೋಡಿದರೆ ಒಳಪದರ ಬಿಟ್ಟುಕೊಂಡು ಮೆತ್ತಗಾಗಿರುತ್ತದೆ. ಒಂದು ಪೈಪು ಹೀಗಿದ್ದರೆ ಎಲ್ಲವೂ ಹೀಗೇ. ಟ್ಯಾಂಕಿನ ಬಳಿಯವು, ಫಿಲ್ಟರ್ ಎರಡೂ ಬದಿಯವು, ಪಂಪಿನಿಂದ ಕಾರ್ಬೊರೇಟರಿಗೆ ಹೋಗುವುದು, ರಿಟರ್ನ್ ಪೈಪು, ಪೆಟ್ರೋಲ್ ಹಾಕುವ ಬಾಯಿಯ ದಪ್ಪ ಹೋಸು ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಹಳೆಯ ತುಂಡನ್ನು ಅಂಗಡಿಗೆ ಒಯ್ದು ಒಳ ಅಳತೆ ಹೊಂದಿಸಿ.

ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಈಗ ಬಂಕಿನಲ್ಲಿ ಸಿಗುವುದು ಇ20, ಶೇ 20 ಎಥೆನಾಲ್ ಬೆರೆತದ್ದು. 800ರ ಕಾಲದ ರಬ್ಬರು, ಸೀಲುಗಳನ್ನು ಇದಕ್ಕೆಂದು ಮಾಡಿರಲಿಲ್ಲ. ಎಥೆನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಹಳೆಯ ಅಂಟನ್ನು ಕರಗಿಸಿ ಫಿಲ್ಟರಿಗೆ ತರುತ್ತದೆ, ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ಎಥೆನಾಲ್ ನೀರಿನೊಡನೆ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ, ಪಂಪು ಹೀರುವುದೂ ತಳದಿಂದಲೇ. ಅದಕ್ಕೇ ಕೊಳ್ಳುವಾಗ ಎಥೆನಾಲ್ ತಡೆಯುವ ಇಂಜೆಕ್ಷನ್ ದರ್ಜೆಯ ಹೋಸನ್ನೇ ಕೇಳಿ. ಕಾರ್ಬೊರೇಟರ್ ಕಿಟ್, ಪಂಪಿನ ಡಯಾಫ್ರಂ ಹೊಸದಾಗಿ ತಯಾರಾದದ್ದೇ ಇರಲಿ, ಅಂಗಡಿಯ ಮೂಲೆಯಲ್ಲಿ ಹತ್ತು ವರ್ಷ ಕೂತ ಪೊಟ್ಟಣ ಬೇಡ. ಕಾರು ವಾರಗಟ್ಟಲೆ ನಿಲ್ಲುವುದಾದರೆ ಟ್ಯಾಂಕು ಅರ್ಧ ಖಾಲಿ ಬಿಡಬೇಡಿ.

ಕಾರ್ಬೊರೇಟರನ್ನು ಬಿಚ್ಚಿ ಸ್ಪ್ರೇ ಮತ್ತು ಗಾಳಿಯಿಂದ ತೊಳೆಸಿ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ಗೆ ತಂತಿ ತೂರಿಸಲು ಬಿಡಬೇಡಿ. ಹಿತ್ತಾಳೆಯ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಮೈಲೇಜ್ ಹೋಯಿತು, ಹೊಗೆ ತಪಾಸಣೆಯಲ್ಲೂ ಫೇಲು. ಮೊದಲ ಸ್ಟಾರ್ಟಿಗೆ ಟ್ಯಾಂಕಿನ ಸಹವಾಸವೇ ಬೇಡ. ಸಣ್ಣ ಲೋಹದ ಕ್ಯಾನಿನಲ್ಲಿ ಒಂದು ಲೀಟರ್ ಹೊಸ ಪೆಟ್ರೋಲ್ ಇಟ್ಟು, ಪಂಪಿನ ಒಳಪೈಪನ್ನು ಅದಕ್ಕೆ ಬಿಡಿ, ರಿಟರ್ನ್ ಪೈಪಿನ ತುದಿಯೂ ಅದೇ ಕ್ಯಾನಿಗೆ ಬರಲಿ. ಕ್ಯಾನು ಎಂಜಿನ್ನಿನಿಂದ ದೂರ ಇರಲಿ, ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ.

ಸ್ಟಾರ್ಟ್ ಆದ ಮೇಲೆ ಗಾಡಿಯೇ ರೋಗ ಹೇಳುತ್ತದೆ. ಚೋಕ್ ಎಳೆದಾಗ ಓಡಿ, ಒತ್ತಿದೊಡನೆ ಸತ್ತರೆ ಸ್ಲೋ ಜೆಟ್ ಕಟ್ಟಿದೆ. ಆಕ್ಸಿಲರೇಟರ್ ತುಳಿದಾಗ ಒಂದು ಕ್ಷಣ ಮುಗ್ಗರಿಸಿದರೆ ಆಕ್ಸಿಲರೇಟರ್ ಪಂಪಿನ ಡಯಾಫ್ರಂ ಗಟ್ಟಿಯಾಗಿದೆ. ಐಡ್ಲಿಂಗ್ ಏರಿಳಿಯುತ್ತಿದ್ದರೆ ವ್ಯಾಕ್ಯೂಮ್ ಪೈಪು ಬಿರಿದಿದೆ. ಪ್ಲಗ್ಗು ಮಸಿ ಹಿಡಿದು ಒದ್ದೆಯಾಗಿದ್ದರೆ ಕಾರ್ಬೊರೇಟರಿಗೆ ಹೆಚ್ಚು ಪೆಟ್ರೋಲ್ ಬಾರದಂತೆ ತಡೆಯುವ ಫ್ಲೋಟ್ ನೀಡಲ್ ಸರಿಯಾಗಿ ಕೂರುತ್ತಿಲ್ಲ.

ಮೊದಲ ಸ್ಟಾರ್ಟ್

ಪ್ಲಗ್ ಹಾಕುವ ಮುಂಚೆ, ಕಿಡಿ ಬಾರದಂತೆ ಕಾಯಿಲ್ ವೈರ್ ಕಳಚಿ, ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಆರುವವರೆಗೆ ಸೆಲ್ಫ್ ತಿರುಗಿಸಿ. ಒಂದು ಸಲಕ್ಕೆ 5 ಸೆಕೆಂಡು, ನಡುವೆ ಅರ್ಧ ನಿಮಿಷ ಬಿಡುವು. ಇದರಿಂದ ಬೇರಿಂಗುಗಳಿಗೆ ಆಯಿಲ್ ತಲುಪುತ್ತದೆ. ಬ್ಯಾಟರಿ 35 ಎಎಚ್‌ನದು ಸಾಕು. ನಂತರ ಪ್ಲಗ್ ಹಾಕಿ, ಕಾರ್ಬೊರೇಟರ್ ಗಾಡಿಗೆ ಗ್ಯಾಪ್ 0.7ರಿಂದ 0.8 ಮಿ.ಮೀ. ಸಿಲಿಂಡರುಗಳಿಗೆ ಕಿಡಿ ಸಿಗುವ ಫೈರಿಂಗ್ ಸರದಿ 1-3-2. ಪ್ಲಗ್ ವೈರುಗಳನ್ನು ಅದಲು ಬದಲು ಮಾಡದಂತೆ ಬಿಚ್ಚುವಾಗಲೇ ಗುರುತು ಹಾಕಿ.

ಮೊದಲ ಕೆಲ ನಿಮಿಷ ನೀಲಿ ಹೊಗೆ ಬಂದರೆ ಅದು ನೀವು ಬಿಟ್ಟ ಆಯಿಲ್ ಸುಡುವುದು, ಗಾಬರಿ ಬೇಡ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಬಿಚ್ಚಿಸಬೇಕಾಗುತ್ತದೆ. ಆಯಿಲ್ ದೀಪ ಐದಾರು ಸೆಕೆಂಡಿನೊಳಗೆ ಆರದಿದ್ದರೆ ಕೂಡಲೇ ಬಂದ್ ಮಾಡಿ.

ನಮ್ಮ ನೀರು, ನಮ್ಮ ಬಿಸಿಲು

ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರು ಗಡಸು. ವರ್ಷಗಟ್ಟಲೆ ಅದನ್ನೇ ಕುಡಿದ ರೇಡಿಯೇಟರ್ ಬಾಯಿ ತೆರೆದರೆ ಕೊಳವೆಗಳ ತುದಿಯಲ್ಲಿ ಬೆಳ್ಳನೆಯ ಸುಣ್ಣದ ಗಡ್ಡೆ. ಎಂಜಿನ್ ನಿಂತಾಗ ಅದು ಒಣಗಿ ಇನ್ನೂ ಗಟ್ಟಿಯಾಗಿರುತ್ತದೆ. ರೇಡಿಯೇಟರ್ ಬಿಚ್ಚಿ ಅಂಗಡಿಯಲ್ಲಿ ಸ್ವಚ್ಛ ಮಾಡಿಸಿ, ಮೇಲಿನ ಕೆಳಗಿನ ಹೋಸು, ನೀರು ಬಿಸಿಯಾದಾಗ ತೆರೆಯುವ ಥರ್ಮೋಸ್ಟ್ಯಾಟ್, ಮುಚ್ಚಳ ಹೊಸದು ಹಾಕಿ. ನೀರು ಹಾಕುವುದಾದರೆ ಡಿಸ್ಟಿಲ್ಡ್ ವಾಟರ್ ಜತೆ ಕೂಲಂಟ್ ಬೆರೆಸಿ, ಇಲ್ಲವೇ ಬೆರೆಸಿದ್ದನ್ನೇ ಕೊಳ್ಳಿ. ನಮ್ಮಲ್ಲಿ ಹೆಪ್ಪುಗಟ್ಟುವ ಚಳಿಯಿಲ್ಲವಲ್ಲ, ಕೂಲಂಟ್ ಯಾಕೆ ಎನ್ನುವವರಿದ್ದಾರೆ. ಕೂಲಂಟ್ ತುಕ್ಕು ತಡೆಯುತ್ತದೆ, ಕುದಿಯುವ ಬಿಂದು ಏರಿಸುತ್ತದೆ. ಬಳ್ಳಾರಿಗೆ ಬೇಕಾದದ್ದು ಅದೇ. ಬಿಸಿಲಿನ ಊರಿಗೆ ಥರ್ಮೋಸ್ಟ್ಯಾಟ್ ಬೇಡವೆಂದು ಕಿತ್ತುಹಾಕುವ ಮೆಕ್ಯಾನಿಕ್‌ಗಳ ಮಾತು ಕೇಳಬೇಡಿ. ಎಂಜಿನ್ ಸರಿಯಾದ ಬಿಸಿಗೆ ಬರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ರೇಡಿಯೇಟರ್ ಫ್ಯಾನು ಕರೆಂಟಿನದು. ಕಾರನ್ನು ನಿಂತಲ್ಲೇ ಓಡಿಸಿ, ಮುಳ್ಳು ಅರ್ಧ ದಾಟುವ ಹೊತ್ತಿಗೆ ಫ್ಯಾನ್ ತಾನೇ ಹತ್ತಬೇಕು, ಆರಬೇಕು, ಮತ್ತೆ ಹತ್ತಬೇಕು. ಎರಡು ಸಲ ಈ ಸುತ್ತು ಮುಗಿಯುವ ತನಕ ಗೇಟ್ ದಾಟಬೇಡಿ. ಹೆಡ್ ಅಲ್ಯೂಮಿನಿಯಂನದು, ಒಮ್ಮೆ ಕುದಿಸಿದರೂ ಸೊಟ್ಟಗಾಗುವ ಸಾಧ್ಯತೆ ಇದೆ.

ನಿಲ್ಲುವುದು ಓಡುವುದಕ್ಕಿಂತ ಮುಖ್ಯ

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಿಂತ ಕಾರಿನ ಹಿಂದಿನ ವೀಲ್ ಸಿಲಿಂಡರುಗಳು ಒಳಗೇ ತುಕ್ಕು ಹಿಡಿದು ಕಚ್ಚಿಕೊಳ್ಳಲು ಅದೇ ಕಾರಣ. ಹ್ಯಾಂಡ್ ಬ್ರೇಕ್ ಎಳೆದೇ ನಿಲ್ಲಿಸಿದ್ದರೆ ಲೈನರು ಡ್ರಮ್ಮಿಗೆ ಅಂಟಿಕೊಂಡಿರುತ್ತದೆ. ಡ್ರಮ್ಮಿಗೆ ಸುತ್ತಿಗೆ ಬೀಸುವ ಬದಲು, ಅದರ ಮುಖದಲ್ಲಿರುವ ಮರೆ (ಥ್ರೆಡ್) ಇರುವ ಎರಡು ತೂತುಗಳಿಗೆ 8 ಮಿ.ಮೀ. ಬೋಲ್ಟ್ ಹಾಕಿ ಸಮವಾಗಿ ಬಿಗಿಯುತ್ತಾ ಬನ್ನಿ, ಡ್ರಮ್ ತಾನೇ ಹೊರಬರುತ್ತದೆ. ವೀಲ್ ಸಿಲಿಂಡರ್ ಎರಡೂ, ಮಾಸ್ಟರ್ ಸಿಲಿಂಡರ್ ಕಿಟ್, ರಬ್ಬರ್ ಬ್ರೇಕ್ ಹೋಸುಗಳು ಹೊಸದೇ ಆಗಬೇಕು. ಹಳೆಯ ಹೋಸು ಒಳಗೆ ಉಬ್ಬಿದರೆ ತುಳಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಚಕ್ರ ಕಾದು ಸುಟ್ಟ ವಾಸನೆ ಬರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್, ಸೀಲ್ ಒಡೆಯದ ಬಾಟಲಿಯದೇ ಇರಲಿ. ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರ ಮೊದಲು.

ಕ್ಲಚ್ ಪೂರ್ತಿ ಒತ್ತಿದರೂ ಗೇರ್ ಕಿರುಗುಟ್ಟಿದರೆ ಪ್ಲೇಟು ಫ್ಲೈವೀಲಿಗೆ ಅಂಟಿದೆ. ಮೊದಲು ಕೇಬಲ್ ಸಡಿಲವೇ ನೋಡಿ. ಅದು ಸರಿಯಿದ್ದರೆ ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಬಯಲಲ್ಲಿ, ಬ್ರೇಕ್ ಪಕ್ಕಾ ಆದ ಮೇಲೆಯೇ, ಎರಡನೇ ಗೇರಿನಲ್ಲಿ ಕ್ಲಚ್ ಒತ್ತಿಹಿಡಿದು ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಬಿಟ್ಟು ಹಿಡಿದು ಮಾಡಿದರೆ ಸಾಮಾನ್ಯವಾಗಿ ಬಿಡುತ್ತದೆ.

ಟೈರಿನ ಗುಂಡಿ, ಅಂದರೆ ರಸ್ತೆ ಹಿಡಿಯುವ ಅಚ್ಚು, ಎಷ್ಟಿದೆ ಎಂದು ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಪಕ್ಕದ ಗೋಡೆಯಲ್ಲಿ ನಾಲ್ಕಂಕಿಯ ಗುರುತಿದೆ. 1416 ಎಂದಿದ್ದರೆ 2016ರ 14ನೇ ವಾರದ್ದು. ಅಷ್ಟು ಹಳೆಯ ಟೈರು ನಮ್ಮ ರಸ್ತೆಯ ಕಾವಿಗೆ ಸಿಡಿಯುತ್ತದೆ. 145/70 ಆರ್12 ಅಳತೆ ಈಗ ಎಲ್ಲ ಅಂಗಡಿಯಲ್ಲೂ ಸ್ಟಾಕ್ ಇರುವುದಿಲ್ಲ, ತರಿಸಿಕೊಡಲು ಮೊದಲೇ ಹೇಳಿ. ನಾಲ್ಕು ಟೈರು ಮತ್ತು ಬ್ಯಾಟರಿ, ಇವೇ ದೊಡ್ಡ ಬಿಲ್ಲುಗಳು. ಸ್ಟೆಪ್ನಿ ಮರೆಯಬೇಡಿ. ಆ್ಯಕ್ಸಲ್ ತುದಿಯ ಜಾಯಿಂಟನ್ನು ಮುಚ್ಚಿರುವ ಸಿವಿ ಬೂಟು ಹರಿದು ಗ್ರೀಸ್ ಚೆಲ್ಲಿದ್ದರೆ ದೂಳು ಸೇರುವ ಮುಂಚೆ ಬದಲಿಸಿ. ತಿರುವಿನಲ್ಲಿ ಕಟಕಟ ಸದ್ದು ಶುರುವಾದರೆ ಜಾಯಿಂಟೇ ಹೋದ ಹಾಗೆ.

ಓಡಿಸಿದರೆ ಹೇಗೆ?

ಊರೊಳಗೆ ಇದಕ್ಕೆ ಸಾಟಿ ಕಡಿಮೆ. ಪವರ್ ಸ್ಟೀರಿಂಗ್ ಇಲ್ಲದಿದ್ದರೂ ತೂಕ ಕಡಿಮೆಯಾದ್ದರಿಂದ ಭಾರ ಅನ್ನಿಸುವುದಿಲ್ಲ. 4.4 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತದೆ, ಸಂತೆ ದಿನದ ಬೀದಿಯಲ್ಲೂ ಸಲೀಸು. ಗಾಜು ದೊಡ್ಡದು, ನಾಲ್ಕೂ ಮೂಲೆ ಕಣ್ಣಿಗೆ ಕಾಣುತ್ತವೆ. ವಯಸ್ಸಾದವರಿಗೆ ಮಾತ್ರ ಸೀಟು ತಗ್ಗು, ಎದ್ದೇಳಲು ಕಷ್ಟ.

ಹೆದ್ದಾರಿಗೆ ನಾವು ಶಿಫಾರಸು ಮಾಡುವುದಿಲ್ಲ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಡಿಕ್ಕಿಯಾದರೆ ಮಡಚಿಕೊಳ್ಳುವ ತೆಳು ತಗಡು. ಬಳ್ಳಾರಿಯಿಂದ ತೋರಣಗಲ್ಲು, ಹೊಸಪೇಟೆ ಕಡೆ ಹೋಗುವ ದಾರಿಯಲ್ಲಿ ಅದಿರು ಲಾರಿ ಪಕ್ಕ ಹಾದಾಗ ಅದರ ಗಾಳಿಗೇ ಕಾರು ಓಲಾಡುತ್ತದೆ. ಹೋಗಲೇಬೇಕಾದರೆ ಹಗಲಲ್ಲಿ, 60ರ ಆಸುಪಾಸಿನ ವೇಗದಲ್ಲಿ, ಬೆಲ್ಟ್ ಹಾಕಿ. ಮಕ್ಕಳನ್ನು ಕೂರಿಸಿಕೊಂಡು ದೂರದ ಊರಿಗೆ ಇದರಲ್ಲಿ ಹೋಗಬೇಡಿ.

ಏಸಿಯ ಬಗ್ಗೆ ನಿರೀಕ್ಷೆ ಕಡಿಮೆ ಇರಲಿ. ಏಪ್ರಿಲ್ ಮಧ್ಯಾಹ್ನ 37 ಅಶ್ವಶಕ್ತಿಯ ಎಂಜಿನ್ ಕಾರನ್ನು ಎಳೆಯಬೇಕು, ಕಂಪ್ರೆಸರನ್ನೂ ಎಳೆಯಬೇಕು. ತೀರ ಹಳೆಯ ಗಾಡಿಯಲ್ಲಿ ಆರ್-12 ಗ್ಯಾಸಿದ್ದರೆ ಅದು ಈಗ ಸಿಗುವುದಿಲ್ಲ. ಆರ್-134ಎಗೆ ಬದಲಿಸಬಹುದು, ಓ-ರಿಂಗ್, ಡ್ರೈಯರ್, ಕಂಪ್ರೆಸರ್ ಆಯಿಲ್ ಮೂರೂ ಬದಲಾಗಬೇಕು, ಬರೀ ಗ್ಯಾಸ್ ತುಂಬಿಸಿದರೆ ತಿಂಗಳೊಳಗೆ ಖಾಲಿ. ಮೊದಲ ಬೇಸಿಗೆ ಏಸಿ ಇಲ್ಲದೆ ಕಳೆದು, ಕೂಲಿಂಗ್ ಪೂರ್ತಿ ನಂಬಿಕೆ ಬಂದ ಮೇಲೆ ಇದಕ್ಕೆ ಕೈಹಾಕಿ.

ಹೊಗೆ ತಪಾಸಣೆಗೆ ಹೋಗುವಾಗ ಎಂಜಿನ್ ಪೂರ್ತಿ ಬಿಸಿಯಾಗಿರಲಿ, ಏರ್ ಫಿಲ್ಟರ್ ಹೊಸದಿರಲಿ. ಹೊಗೆಯ ಮಾನದಂಡವಾದ ಭಾರತ್ ಸ್ಟೇಜ್ 2ಕ್ಕೆ ಮುಂಚಿನ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 3, ನಂತರದ್ದಕ್ಕೆ ಶೇ 0.5. ಫೇಲಾದರೆ ಅಲ್ಲೇ ಗಾಳಿ-ಪೆಟ್ರೋಲ್ ಮಿಶ್ರಣದ ಸ್ಕ್ರೂ ತಿರುಗಿಸಿ ಪಾಸ್ ಮಾಡಿಸಿಕೊಂಡು ಬರುವವರಿದ್ದಾರೆ. ಹಾಗೆ ಪೆಟ್ರೋಲ್ ಇಳಿಸಿ ಬಡಕಲು ಮಾಡಿದ ಮಿಶ್ರಣದಲ್ಲಿ ಎಂಜಿನ್ ಇನ್ನಷ್ಟು ಬಿಸಿಯಾಗುತ್ತದೆ, ವಾಲ್ವ್ ಸುಡುತ್ತದೆ. ಕಾರ್ಬೊರೇಟರ್ ಗೊತ್ತಿರುವವರ ಹತ್ತಿರ ಮತ್ತೆ ಟ್ಯೂನ್ ಮಾಡಿಸಿಯೇ ಎರಡನೇ ಸಲ ಹೋಗಿ.

ಮೊದಲ 300 ಕಿ.ಮೀ. ಮನೆಯಿಂದ ಐದಾರು ಕಿ.ಮೀ. ದೂರದೊಳಗೇ ಮುಗಿಸಿ. ಪ್ರತಿ ದಿನ ಬೆಳಿಗ್ಗೆ ಕಾರಿನ ಅಡಿ ರಟ್ಟು ಹಾಸಿ ನೋಡಿ: ಕಂದು ಕಲೆ ಎಂಜಿನ್ ಆಯಿಲ್, ಹಸಿರು ಅಥವಾ ಕೆಂಪು ನೀರು ಕೂಲಂಟ್, ಚಕ್ರದ ಒಳಬದಿಯ ಜಿಡ್ಡು ಬ್ರೇಕ್ ಆಯಿಲ್. ಕೊನೆಯದು ಕಂಡ ದಿನ ಗಾಡಿ ತೆಗೆಯಬೇಡಿ. 300ಕ್ಕೆ ಆಯಿಲ್, ಆಯಿಲ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್ ಬದಲಿಸಿ, ಹೋಸ್ ಕ್ಲಿಪ್ಪುಗಳನ್ನೆಲ್ಲ ಮತ್ತೊಮ್ಮೆ ಬಿಗಿ ಮಾಡಿಸಿ. ಹೊಸ ರಬ್ಬರ್ ಬಿಸಿಗೆ ಕೂತ ಮೇಲೆ ಅವು ಒಂದೆರಡು ಎಳೆ ಸಡಿಲವಾಗಿಯೇ ಇರುತ್ತವೆ.